ದನ ಮೈಯುಜ್ಜಿದ ಕಲ್ಲು

ನಾಳೆ ಯಾರೂ ಕಾಲು ಹಾಕಿಕೊಂಡು ಬರಬಾರದು ಎಂದು ಲಕ್ಷ್ಮಯ್ಯನವರು ಮನೆಮನೆಗೆ ಹೇಳಿಕಳಿಸಿದ್ದರು. ಸಂಜೀವಪ್ಪ ತನ್ನ ಬಲಗಾಲನ್ನು, ಪುಣೆಯಲ್ಲಿ ಮಾಡಿಸಿಕೊಟ್ಟ ಮರದ ಕಾಲನ್ನು, ಜಗಲಿಯ ಮೇಲೆ ಮಡಿಲಲ್ಲಿಟ್ಟುಕೊಂಡು ಅದರ ಚರ್ಮದ ಪಟ್ಟಿಗೆ ಹರಳೆಣ್ಣೆ ಸವರುತ್ತಿದ್ದವನು ಕೈ ನಿಲ್ಲಿಸಲಿಲ್ಲ. ಇದೇನು ಹೊಸದಲ್ಲ. ಯೋಧಾಶ್ರಯ ಗ್ರಾಮಕ್ಕೆ ದಾನಿಗಳು ಬರುವ ದಿನ ಕಾಲಿದ್ದವರು ಕಾಲು ಕಳಚಿಡಬೇಕು, ಕೈಯಿದ್ದವರು ಕೈ ಕಳಚಿಡಬೇಕು, ಕುರುಡರು ಕಪ್ಪು ಕನ್ನಡಕ ತೆಗೆದಿಡಬೇಕು. ಪ್ಯಾಂಟು ತೊಟ್ಟು ಬೂಟು ಹಾಕಿ ನೆಟ್ಟಗೆ ನಡೆದು ಬಂದರೆ ದಾನಿಗೆ ಏನು ಕಂಡೀತು? ಲಕ್ಷ್ಮಯ್ಯನವರು ಇದನ್ನು ಒರಟಾಗಿ ಹೇಳುವವರಲ್ಲ. ಸೈನ್ಯದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ ಈ ಗ್ರಾಮದ ಕಾರ್ಯದರ್ಶಿಗಳಾಗಿ ಹನ್ನೆರಡು ವರ್ಷ ಕಳೆದವರು. ಎರಡು ಕಾಲು, ಎರಡು ಕೈ, ಎರಡು ಕಣ್ಣು, ಎಲ್ಲವೂ ಜಾಗದಲ್ಲಿರುವವರು. ‘ಆ ಮರಕ್ಕೂ ಒಂದು ದಿನ ರೆಸ್ಟ್ ಕೊಡಿ, ಪಾಪ’ ಎಂದು ನಗುತ್ತಾರೆ. ಆ ನಗುವಿಗೆ ಎದುರು ನಗದೆ ಇರಲು ಯಾರಿಗೂ ಆಗುವುದಿಲ್ಲ. ಸಂಜೀವಪ್ಪ ಏಳು ವರ್ಷದಿಂದ ನಗುತ್ತ ಬಂದಿದ್ದಾನೆ, ನಕ್ಕಾದ ಮೇಲೆ ಪ್ರತಿಸಲವೂ ಬಾಯಿ ಕಹಿಯಾಗುತ್ತದೆ. ಎಣ್ಣೆ ಸವರುತ್ತಿದ್ದ ಹಾಗೆ ಇಲ್ಲದ ಅಂಗಾಲು ತುರಿಸತೊಡಗಿತು. ಬೇಡವೆಂದುಕೊಂಡರೂ ಮರದ ಪಾದವನ್ನೇ ಉಗುರಿನಿಂದ ಕೆರೆದ. ತುರಿಕೆ ಹಾಗೇ ಇತ್ತು.

ಬಿಸಿಲು ಏರುವ ಹೊತ್ತಿಗೆ ಲಕ್ಷ್ಮಯ್ಯನವರು ತಾವೇ ಬಂದರು. ಕೈಯಲ್ಲಿ ಅದೇ ಬೆಳಿಗ್ಗೆ ಬೆಂಗಳೂರಿನ ಅಚ್ಚುಕೂಟದಿಂದ ಬಂದ ಪುಸ್ತಕ; ನೀಲಿ ರಟ್ಟು, ಇನ್ನೂ ಆರದ ಅಂಟಿನ ವಾಸನೆ. ಯೋಧಾಶ್ರಯ ಗ್ರಾಮದ ಇಪ್ಪತ್ತೈದು ವರ್ಷಗಳ ಚರಿತ್ರೆ. ನಾಳೆ ಬೆಳ್ಳಿಹಬ್ಬದಲ್ಲಿ ಬಿಡುಗಡೆ. ‘ಕೂತ್ಕೊಳ್ಳಿ, ಕೂತ್ಕೊಳ್ಳಿ, ಏಳ್ಬೇಡಿ ಸಂಜೀವಪ್ಪ’ ಎಂದರು, ಕಾಲು ಮಡಿಲಲ್ಲಿದ್ದವನಿಗೆ. ನಾಲ್ಕನೆಯ ಪುಟ ತೆಗೆದು, ಕನ್ನಡಕ ಏರಿಸಿ, ಸಭೆಯಲ್ಲಿ ಓದುವ ಹಾಗೆ ಓದಿದರು. ಯುದ್ಧದಲ್ಲಿ ಅಂಗಾಂಗಗಳನ್ನು ಕಳೆದುಕೊಂಡ ವೀರರಿಗೆ ಒಂದು ನೆಲೆ ಬೇಕೆಂದು ಸ್ಥಾಪಕಿ ದೊರೆಸಾನಿಯವರು ಊರೂರು ಅಲೆಯುತ್ತಿದ್ದಾಗ, ಅರಿಶಿನಕುಂಟೆಯಿಂದ ಅರ್ಧ ಮೈಲಿ ಒಳಗಿನ ಈ ಬರಡು ದಿಣ್ಣೆ ಅವರ ಕಣ್ಣಿಗೆ ಬಿತ್ತಂತೆ. ಊರಿನ ರೈತ ಮುನಿರಾಮಯ್ಯನವರು ಮುಂದೆ ನಿಂತು, ಊರವರನ್ನು ಒಪ್ಪಿಸಿ, ಇಡೀ ಗೋಮಾಳವನ್ನು ಸಂತೋಷದಿಂದ ಬಿಡಿಸಿಕೊಟ್ಟರಂತೆ. ಅವರ ಸುಪುತ್ರನೇ ಮುಂದೆ ಅರವತ್ತೈದರ ಯುದ್ಧದಲ್ಲಿ ಶತ್ರುವಿನ ಮೇಲೆ ಎರಗುವಾಗ ಕಾಲು ಕಳೆದುಕೊಂಡು, ತಂದೆ ಕೊಟ್ಟ ನೆಲದಲ್ಲೇ ಆಶ್ರಯ ಪಡೆದದ್ದು ದೈವಸಂಕಲ್ಪವಂತೆ. ಓದಿ ಮುಗಿಸಿ ಲಕ್ಷ್ಮಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಾವೇ ಬರೆದದ್ದಕ್ಕೆ ತಾವೇ ಅಳಬಲ್ಲವರು ಅವರು.

‘ಹೆಂಗಿದೆ? ಇದನ್ನ ನಾಳೆ ವೇದಿಕೆ ಮೇಲೆ ಓದ್ತೀವಿ. ಆಮೇಲೆ ನಿಮ್ ತಾಯಿಯೋರಿಗೆ ಸನ್ಮಾನ. ಒಳ್ಳೇ ಶಾಲು ತರ್ಸಿದೀನಿ. ಜೀಪ್ ಕಳಿಸ್ತೀನಿ, ವಯಸ್ಸಾದೋರು ನಡ್ಯೋದು ಬೇಡ.’

‘ಆಯ್ತು ಸಾರ್’ ಎಂದ ಸಂಜೀವಪ್ಪ.

ಲಕ್ಷ್ಮಯ್ಯನವರು ಗೇಟು ದಾಟುವವರೆಗೂ ಅವನ ಮುಖದ ಮೇಲೆ ಆ ನಗು ಉಳಿದೇ ಇತ್ತು. ಆಮೇಲೆ ಅದನ್ನು ತೆಗೆಯಲು ಕೈಯಿಂದ ಬಾಯಿ ಒರೆಸಿಕೊಳ್ಳಬೇಕಾಯಿತು. ಶತ್ರುವಿನ ಮೇಲೆ ಎರಗುವಾಗ! ಯುದ್ಧ ನಿಂತ ಮೂರನೆಯ ದಿನ ಬೆಳಗಿನ ಜಾವ ಚೊಂಬು ಹಿಡಿದುಕೊಂಡು ಕಬ್ಬಿನ ಗದ್ದೆಯ ಕಡೆ ಹೋಗಿದ್ದ ಅವನು. ಕಾಲ ಕೆಳಗೆ ಸಿಡಿದ ನೆಲಬಾಂಬು ಹೂತಿಟ್ಟದ್ದು ಅವರೋ ನಮ್ಮವರೋ ಕೊನೆಗೂ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ಪಕ್ಕದ ಹಾಸಿಗೆಯವನು ಮೊದಲು ಕೇಳಿದ್ದು, ಹೋಗೋಕೆ ಮೊದ್ಲೋ ಹೋದ್ಮೇಲೋ ಎಂದು. ಆ ಸುಳ್ಳಿಗೆ ಅವನೇನೂ ನಾಚಲಿಲ್ಲ. ಇಲ್ಲಿ ಎಲ್ಲರ ಗಾಯಕ್ಕೂ ಲಕ್ಷ್ಮಯ್ಯನವರು ಸ್ವಲ್ಪ ಸ್ವಲ್ಪ ಅರಿಶಿನ ಕುಂಕುಮ ಹಚ್ಚಿದ್ದಾರೆ. ಅವನನ್ನು ಕೊರೆದದ್ದು ಇನ್ನೊಂದು ಮಾತು. ಸಂತೋಷದಿಂದ ಬಿಡಿಸಿಕೊಟ್ಟರು ಎಂಬ ಮಾತು. ಅದು ಲಕ್ಷ್ಮಯ್ಯನವರದಲ್ಲ, ಅವನದೇ. ಏಳು ವರ್ಷದ ಹಿಂದೆ, ಆಫೀಸಿನ ಬೆಂಚಿನ ಮೇಲೆ ಕೂತು, ಅವರದೇ ಪೆನ್ನು ಕೇಳಿ ಇಸಕೊಂಡು, ತನ್ನ ಗುಂಡು ಅಕ್ಷರದಲ್ಲಿ ಅರ್ಜಿಯ ಕೊನೆಗೆ ಬರೆದಿದ್ದ.

ಬರೆಯದೆ ಏನು ಮಾಡಬೇಕಿತ್ತು ಎಂದು ಅವನು ಯಾರನ್ನೋ ಕೇಳುವವನ ಹಾಗೆ ಜಗಲಿಯ ಕಂಬವನ್ನು ದುರುಗುಟ್ಟಿ ನೋಡಿದ. ಊರಿಗೆ ಹಿಂತಿರುಗಿದಾಗ ಅಣ್ಣ ಮುನಿಸ್ವಾಮಿ, ‘ನೇಗಿಲ ಹಿಂದೆ ನಿಲ್ಲಕ್ಕಾಗಲ್ಲ ನಿಂಗೆ, ದನ ಹೊಡ್ಕಂಡು ಹೋಗು’ ಎಂದಿದ್ದ. ಎಲ್ಲಿಗೆ ಹೊಡೆದುಕೊಂಡು ಹೋಗುವುದು? ಗೋಮಾಳದ ತುಂಬ ಹೆಂಚಿನ ಮನೆಗಳಿದ್ದವು. ಊರಿನ ದನ ಗದ್ದೆಯ ಬದುಗಳಲ್ಲಿ ಹಗ್ಗ ಕಟ್ಟಿಸಿಕೊಂಡು ಮೇಯುತ್ತಿದ್ದವು, ಅವುಗಳ ಹಿಂದೆ ಮರದ ಕಾಲು ಕೆಸರಿನಲ್ಲಿ ಹೂತು ಅವನು ನಿಂತೇ ಇರುತ್ತಿದ್ದ, ಯಾರಾದರೂ ಬಂದು ಕಿತ್ತುಕೊಡುವವರೆಗೆ. ತಂತಿಬೇಲಿಯ ಆಚೆ ನಲ್ಲಿ ಇತ್ತು, ಸಿಮೆಂಟು ದಾರಿ ಇತ್ತು, ಬೆತ್ತದ ಕುರ್ಚಿ ಹೆಣೆಯುವ ಶೆಡ್ಡಿತ್ತು, ಸಾಲುಸಾಲು ಬಿಳಿ ಮನೆಗಳಿದ್ದವು. ಕಣ್ಣಿನ ಸಾಲು, ಕೈಯ ಸಾಲು, ಕಾಲಿನ ಸಾಲು. ಬರ್ಮಾದಿಂದ ಬಂದವರಿಗೆ ಮೊದಲು ಹನ್ನೆರಡು ಮನೆ; ಅರವತ್ತೆರಡರಲ್ಲಿ ಹಿಮದಲ್ಲಿ ಬೆರಳು ಕಳೆದುಕೊಂಡು ಬಂದವರಿಗೆ ಇನ್ನೊಂದು ಸಾಲು; ಅರವತ್ತೈದಕ್ಕೆ ಇನ್ನೊಂದು. ಯುದ್ಧವಾದಾಗಲೆಲ್ಲ ಸುಣ್ಣ ಬಳಿದ ಹೊಸ ಗೋಡೆ ಎದ್ದಿದೆ, ಊರಿನ ಹುಲ್ಲು ಅಷ್ಟಷ್ಟೇ ಕಡಿಮೆಯಾಗಿದೆ. ಆದರೆ ಇಲ್ಲಿಯ ನಿಯಮ, ಮನೆ ಸಿಗುವುದು ಕಾಲು ಮೊಣಕಾಲಿನ ಮೇಲಕ್ಕೆ ಹೋದವರಿಗೆ. ಸಂಜೀವಪ್ಪನದು ಮೊಣಕಾಲಿನಿಂದ ಆರು ಅಂಗುಲ ಕೆಳಗೆ. ಲಕ್ಷ್ಮಯ್ಯನವರು ಟೇಪು ಹಿಡಿದು ಅಳೆದು, ನಿಜವಾಗಿಯೂ ಬೇಸರಪಟ್ಟುಕೊಂಡು, ‘ಇನ್ನೊಂದು ಆರು ಅಂಗುಲ ಹೋಗಿದ್ರೆ ಏನೂ ತೊಂದ್ರೆ ಇರ್ಲಿಲ್ಲ’ ಎಂದಿದ್ದರು. ಕಮಿಟಿಯವರಿಗೆ ಮನಸ್ಸು ಕರಗುವಂಥದ್ದು ಏನಾದರೂ ಇದ್ದರೆ ಬರೆಯಿರಿ ಎಂದಿದ್ದರು. ಆರು ಅಂಗುಲದ ಬದಲಿಗೆ ಅವನು ಅಪ್ಪನನ್ನು ಕೊಟ್ಟ. ಅಪ್ಪ ಸತ್ತು ನಾಲ್ಕು ವರ್ಷವಾಗಿತ್ತು. ಅವನಿಗೇನು ಗೊತ್ತಾಗಬೇಕು ಅಂದುಕೊಂಡಿದ್ದ.

ದಿಣ್ಣೆ ಬರಡಾಗಿರಲಿಲ್ಲ. ಅದರ ನಡುವೆ ಒಂದು ಕಲ್ಲಿತ್ತು, ಎದೆಮಟ್ಟದ್ದು. ಗೋಮಾಳದಲ್ಲಿ ಒಂದು ಮರವೂ ಇಲ್ಲದೆ, ಉಣ್ಣೆಹುಳದ ಕಡಿತ ತಾಳಲಾರದೆ ದನಗಳು ಒಂದರ ಮೈಗೆ ಒಂದು ಉಜ್ಜಿಕೊಂಡು ಕಾದಾಡುವುದನ್ನು ನೋಡಿ, ಮುನಿರಾಮಯ್ಯನೇ ಎರಡು ಜೊತೆ ಎತ್ತು ಹೂಡಿ ಬಂಡೆಯ ಕಡೆಯಿಂದ ಎಳೆಸಿ ತಂದು ನೆಟ್ಟದ್ದು. ಊರಿನ ದನವೆಲ್ಲ ಅದಕ್ಕೆ ಪಕ್ಕೆ ಕೊಟ್ಟು ಉಜ್ಜಿಕೊಳ್ಳುತ್ತಿದ್ದವು. ಎಮ್ಮೆಗಳು ಕಣ್ಣು ಅರೆಮುಚ್ಚಿ ಅರ್ಧ ಗಂಟೆ ನಿಂತೇ ಬಿಡುತ್ತಿದ್ದವು. ಹನ್ನೊಂದು ವರ್ಷದ ಸಂಜೀವಪ್ಪ ದನ ಬಿಟ್ಟುಕೊಂಡು ಕೂತಿದ್ದ ದಿನವೇ ದೊರೆಸಾನಿ ಕಾರಿನಲ್ಲಿ ಬಂದಳು. ಕಲ್ಲನ್ನು ನೋಡಿ ಛತ್ರಿ ಮಡಚಿದಳು. ಅದರ ನುಣುಪಿನ ಮೇಲೆ ಕೈಯಾಡಿಸಿ, ಜೊತೆಯಲ್ಲಿದ್ದ ಆಫೀಸಿನವನ ಹತ್ತಿರ ಇಂಗ್ಲಿಷಿನಲ್ಲಿ ಏನೋ ಹೇಳಿ, ಕಣ್ಣು ಮುಚ್ಚಿ ನಿಂತಳು. ಎಷ್ಟು ಶತಮಾನದ ಭಕ್ತರ ಕೈ ಸೋಕಿ ಹೀಗೆ ನುಣ್ಣಗಾಗಿದೆಯೋ ಎಂದಳಂತೆ. ಹೋರಾಡಿ ಸತ್ತವನ ಕಲ್ಲು ಇರುವ ಜಾಗವೇ ತನ್ನ ವೀರರಿಗೆ ಸರಿ ಎಂದಳಂತೆ. ಆಫೀಸಿನವನಿಗೂ ಗೊತ್ತಿರಲಿಲ್ಲ, ದನ ಕಾಯುವವನನ್ನು ಯಾರೂ ಕೇಳಲಿಲ್ಲ. ಅವತ್ತಿನಿಂದ ಅದು ವೀರಗಲ್ಲು. ಸುತ್ತ ಸಿಮೆಂಟಿನ ಕಟ್ಟೆ, ಕಟ್ಟೆಯ ಸುತ್ತ ಸರಪಣಿ. ಪ್ರತಿವರ್ಷ ಆಗಸ್ಟ್ ಹದಿನೈದಕ್ಕೆ ಹೂವಿನ ಚಕ್ರ ಇಟ್ಟು ಸೆಲ್ಯೂಟು ಹೊಡೆಯುತ್ತಾರೆ. ಸಂಜೀವಪ್ಪನೂ ಹೊಡೆಯುತ್ತಾನೆ. ಹೊಡೆದಾಗಲೆಲ್ಲ ಮೂಗಿಗೆ ಎಮ್ಮೆಯ ವಾಸನೆ ಬರುತ್ತದೆ.

ತಂತಿಯ ಸುರುಳಿಗಳನ್ನು ಲಾರಿಯಿಂದ ಇಳಿಸಲು ಬಂದ ದಿನ ಅಪ್ಪ ಚಕ್ರದ ಮುಂದೆ ಅಂಗಾತ ಮಲಗಿದ. ಊರಿನವರು ದೂರ ನಿಂತು ನೋಡಿದರು. ಪೊಲೀಸಿನವರು ಕೈಕಾಲು ಹಿಡಿದು ಎತ್ತಿ ವ್ಯಾನಿಗೆ ಹಾಕಿದರು. ಮೂರು ದಿನ ಕಳೆದು ಬಿಟ್ಟು ಕಳಿಸಿದಾಗ ಮೀಸೆ ಇರಲಿಲ್ಲ. ಮೀಸೆ ಆಮೇಲೆ ಬೆಳೆಯಿತು. ಆದರೆ ಮುನಿರಾಮಯ್ಯ ಸಾಯುವವರೆಗೂ ಆ ದಿಕ್ಕಿಗೆ ಮುಖ ಹಾಕಿ ಕೂರಲಿಲ್ಲ. ಊಟಕ್ಕೆ ಕೂತರೂ ದಿಣ್ಣೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ. ಮಗನೋ, ತಂತಿಯ ಸಂದಿನಿಂದ ಒಂಟಿ ಬೂಟಿಗೆ ಪಾಲಿಶು ಹಾಕುವ ಸಿಪಾಯಿಗಳನ್ನು ನೋಡುತ್ತ ಗಂಟೆಗಟ್ಟಲೆ ನಿಲ್ಲುತ್ತಿದ್ದ. ಅದು ಅಪ್ಪನಿಗೆ ಗೊತ್ತಿತ್ತು. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಈಗ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಏನಾದರೂ ಇರುತ್ತಿತ್ತು.

ಒಳಗೆ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಅನುಸೂಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಆ ಅರ್ಜಿಯ ವಿಷಯ ಗೊತ್ತಿರುವವಳು ಅವಳೊಬ್ಬಳೇ. ಅವಳಿಗೆ ಈ ಮನೆಯಲ್ಲಿ ಬೇಕಾದದ್ದು ಮೂರೇ: ನಲ್ಲಿ, ಹೆಂಚು, ಇಬ್ಬರು ಹೆಣ್ಣುಮಕ್ಕಳಿಗೆ ಗ್ರಾಮದವರೇ ಕೊಡಿಸುವ ಶಾಲೆಯ ಫೀಸು.

‘ಸುಮ್ನೆ ಕೂತ್ರೆ ಆಗ್ತದಾ? ಈಗ್ಲೇ ಊರಿಗೆ ಹೋಗಿ. ಅತ್ತೆ ಬರಬಾರ್ದು ನಾಳೆ. ಬಂದು ಒಂದು ಮಾತಾಡಿದ್ರೆ ಮುಗೀತು, ಪಾತ್ರೆ ಪಡಗ ಬೀದಿಗೆ ಬರ್ತವೆ.’

‘ಏನಂತ ಹೇಳ್ಲೇ?’

‘ಏನಾದ್ರೂ ಹೇಳಿ. ಹೇಳೋಕೆ ಬರಲ್ವಾ ನಿಮ್ಗೆ?’

ಕಣ್ಣಿನ ಸಾಲಿನ ಕೊನೆಯದಾದ ಪಕ್ಕದ ಮನೆಯ ಜಗಲಿಯಿಂದ ಪಿಳ್ಳಣ್ಣ ನಕ್ಕ. ಬರ್ಮಾದಲ್ಲಿ ಎರಡೂ ಕಣ್ಣು ಕಳೆದುಕೊಂಡು ಬಂದ ಮುದುಕ, ಗ್ರಾಮಕ್ಕೆ ಬಂದ ಮೊದಲ ಹನ್ನೆರಡು ಜನರಲ್ಲಿ ಈಗ ಉಳಿದಿರುವ ಒಬ್ಬ. ಕುರ್ಚಿಯ ಚೌಕಟ್ಟನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ಬೆತ್ತ ಹೆಣೆಯುತ್ತಿದ್ದ. ಮೊಣಕಾಲಿನ ಕೆಳಗೆ ಹೋಗಿಯೂ ಮನೆ ಗಿಟ್ಟಿಸಿದವನೆಂದು ಸಂಜೀವಪ್ಪನಿಗೆ ಅವನಿಟ್ಟ ಹೆಸರೇ ಇಡೀ ಕಾಲಿನ ಸಾಲಿಗೆ ಹಬ್ಬಿತ್ತು.

‘ಲೇ ಅರ್ಧ ಟಿಕೆಟ್, ನಿಮ್ಮಪ್ಪ ದಾನಶೂರ ಕಣೋ. ಕೇಳಿಸ್ತು ನಂಗೂ. ಪುಸ್ತಕದಾಗೆ ಹಾಕವ್ರೆ.’

‘ನಿಂಗ್ಯಾಕಣ್ಣ ಅದೆಲ್ಲ?’

‘ನಂಗೇನಿಲ್ಲಪ್ಪಾ. ಬಂದ ವರ್ಷವೇ ಆ ಕಲ್ಲು ಸವರಿ ನೋಡಿದ್ದೆ ನಾನು. ಕೈಯಿಂದ ಸವೆದ ಕಲ್ಲಾದ್ರೆ ಮೇಲುಗಡೆ ಸವೆಯತ್ತೆ. ಇದು ದನದ ಪಕ್ಕೆ ಎತ್ತರಕ್ಕೆ ಸವೆದೈತೆ. ಸಂದಿನಾಗೆ ಕೂದ್ಲೂ ಸಿಕ್ತು. ಯಾರ್ಗೆ ಹೇಳ್ಲಿ? ಇರೋಕೆ ಜಾಗ ಕೊಟ್ಟೋರು ವೀರಗಲ್ಲು ಅಂದ್ರೆ ವೀರಗಲ್ಲು.’ ಬೆತ್ತದ ಎಳೆಯನ್ನು ಹಲ್ಲಿನಿಂದ ಕಚ್ಚಿ ಎಳೆದು, ‘ದನ ಮೇಯ್ತಿದ್ದ ನೆಲವ ಯಾವೋನ್ ಸಂತೋಷವಾಗಿ ಬಿಟ್ಕೊಡ್ತಾನೆ?’ ಎಂದ.

ಸಂಜೀವಪ್ಪ ಕಾಲು ಕಟ್ಟಿಕೊಂಡು ಎದ್ದ. ಕುರುಡನ ಮೇಲೆ ಬಂದ ಸಿಟ್ಟಿಗೆ ಬಕಲ್ಲನ್ನು ಬೇಕಾದುದಕ್ಕಿಂತ ಒಂದು ತೂತು ಹೆಚ್ಚು ಬಿಗಿದಿದ್ದ. ಊರಿಗೆ ಅರ್ಧ ಮೈಲಿ. ಎರಡೂ ಕಡೆ ರಾಗಿ ಹೊಲ. ಕಳೆ ಕೀಳುತ್ತಿದ್ದ ಹೆಂಗಸರು ಅವನ ಕಾಲಿನ ಟಕ್ಕಟಕ್ಕು ಕೇಳಿ ತಲೆಯೆತ್ತಿ, ಕುಂಟರಪಾಳ್ಯದೋನು ಎಂದು ತಮ್ಮತಮ್ಮಲ್ಲಿ ಅಂದುಕೊಂಡು ಮತ್ತೆ ಬಗ್ಗಿದರು. ಊರಲ್ಲಿ ಗ್ರಾಮಕ್ಕೆ ಬೇರೆ ಹೆಸರಿಲ್ಲ. ಅವರಲ್ಲಿ ಒಬ್ಬಳು ಅವನ ಜೊತೆ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವಳು. ಇವರಿಗೆ ಏನು ಗೊತ್ತು ಎಂದುಕೊಂಡ. ಗೊತ್ತಿದ್ದರೆ ಏನಾಗುತ್ತಿತ್ತು ಎಂದುಕೊಂಡು ನಡಿಗೆ ಬಿರುಸು ಮಾಡಿದ. ಬಿರುಸಾಗಿ ನಡೆದಷ್ಟೂ ಬಿಗಿದ ಪಟ್ಟಿ ಮೋಟುಗಾಲನ್ನು ತಿನ್ನುತ್ತಿತ್ತು, ತಿನ್ನಲಿ ಎನಿಸಿತು.

ತಾಯಿ ಸಪ್ಪಲಮ್ಮ ಕೊಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಬೆನ್ನು ದಿಣ್ಣೆಯ ಕಡೆಗೆ. ಎಮ್ಮೆ ಕೊಟ್ಟಿಗೆಯ ಮಣ್ಣುಗೋಡೆಗೆ ಪಕ್ಕೆ ಉಜ್ಜುತ್ತಿತ್ತು. ಉಜ್ಜಿ ಉಜ್ಜಿ ಗೋಡೆ ಒಂದು ಕಡೆ ತೆಳ್ಳಗಾಗಿ ಒಳಗಿನ ಬೆಳಕು ಕಾಣುತ್ತಿತ್ತು. ಅವನು ಗ್ರಾಮ ಸೇರಿದ ಮೇಲೆ ಈ ಅಂಗಳಕ್ಕೆ ಬರುವುದು ವರ್ಷಕ್ಕೆ ಒಂದು ದಿನ, ಹಿರಿಯರ ಹಬ್ಬಕ್ಕೆ, ಅಪ್ಪನಿಗೆ ಎಡೆ ಇಡಲು. ಅಣ್ಣ ಎಲೆ ಹಾಸುತ್ತಾನೆ, ಇವನು ಬಡಿಸುತ್ತಾನೆ, ಅವ್ವ ಮುದ್ದೆ ಮುರಿದು ಇಡುತ್ತಾಳೆ. ಅದೊಂದು ದಿನ ಅವಳು ಅವನ ಜೊತೆ ಮಾತಾಡುತ್ತಾಳೆ. ಹಬ್ಬಕ್ಕೆ ಇನ್ನೂ ಒಂದು ತಿಂಗಳಿತ್ತು.

‘ಏನ್ಲಾ ಸಿಪಾಯಿ, ದಾರಿ ತಪ್ತಾ?’

‘ಅವ್ವಾ, ನಾಳೆ ಜೀಪ್ ಬರ್ತದೆ ನಿನ್ನ ಕರ್ಕೊಂಡು ಹೋಗೋಕೆ. ಹತ್ಬೇಡ. ಮೈಗೆ ಹುಷಾರಿಲ್ಲ ಅಂದ್ಬಿಡು.’

‘ನಂಗೇನಾಗೈತೆ? ಗುಂಡ್ಕಲ್ಲಿದ್ದಂಗಿದೀನಿ. ಯಾಕ್ ಬರ್ತದೆ ಜೀಪು?’

ಹೇಳಿದ. ಪುಸ್ತಕ, ಶಾಲು, ನಾಲ್ಕನೆಯ ಪುಟ. ಹೇಳುವಾಗ ಎಮ್ಮೆಯ ಕಡೆಗೇ ನೋಡುತ್ತಿದ್ದ. ಸಂತೋಷದಿಂದ ಎಂಬ ಮಾತನ್ನು ಬಿಟ್ಟು ಹೇಳಬಹುದಿತ್ತು. ಬಾಯಿಂದ ಬಂದುಬಿಟ್ಟಿತು. ಅವಳ ಕೈ ಹಿಂಡಿಯ ಬಾನಿಯೊಳಗೆ ನಿಂತಿತು.

‘ಸಂತೋಸ್ವಾಗಿ ಬಿಟ್ಕೊಟ್ರಾ?’

‘ಹಂಗಂತ ಬರ್ದವ್ರೆ.’

‘ಯಾವನ್ ಹೇಳಿದ್ದು?’

ಆ ಕ್ಷಣ ಅವನಿಗೆ ಇಡೀ ಜೀವನದಲ್ಲಿ ಸಿಕ್ಕ ಒಂದೇ ಒಳ್ಳೆಯ ಅವಕಾಶ ಎಂದು ಆಮೇಲೆ ದಾರಿಯಲ್ಲಿ ಅನಿಸಿತು. ಅಂಗಳದಲ್ಲಿ ಯಾರೂ ಇರಲಿಲ್ಲ. ನಾನೇ ಎಂದಿದ್ದರೆ ಅವಳು ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದಳು, ಅತ್ತು ಮುಗಿಯುತ್ತಿತ್ತು. ಆದರೆ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು: ‘ಅವ್ರೇ ಬರ್ಕೊಂಡವ್ರೆ ಕಣವ್ವಾ. ದಾನ ಕೊಡೋರ್ಗೆ ಚೆಂದ ಕಾಣ್ಲಿ ಅಂತ.’

‘ನಿಮ್ಮಪ್ಪನ ಹೆಸ್ರು ಅವ್ರಿಗೆ ಹೆಂಗ್ ಗೊತ್ತಾಯ್ತು?’

‘ಊರ್ನಲ್ಲಿ ಯಾರೋ ಹೇಳಿರ್ಬೇಕು.’

ಸಪ್ಪಲಮ್ಮ ಎದ್ದು ನಿಂತಳು. ಕೈಯಿಂದ ಹಿಂಡಿ ತೊಟ್ಟಿಕ್ಕುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸು ಮಗನಿಗಿಂತ ಎತ್ತರ ಕಂಡಳು. ‘ಹಂಗಾರೆ ಬರ್ತೀನಿ. ಇಪ್ಪತ್ತೈದು ವರ್ಷದಿಂದ ಆ ತಂತಿ ದಾಟಿಲ್ಲ ನಾನು. ನಾಳೆ ದಾಟ್ತೀನಿ. ಮೀಸೆ ಬೋಳಿಸ್ಕಂಡು ಬಂದೋರಿಗೆ ಸಂತೋಸ ಅಂತೆ! ಅಷ್ಟೂ ಜನದ ಮುಂದೆ ಕೇಳ್ತೀನಿ, ಯಾವನ್ಲಾ ಅದ ಹೇಳ್ದೋನು, ಎದ್ದು ನಿಂತ್ಕೊಳ್ಲಾ ಅಂತ. ನೀನೂ ಇರ್ತೀಯಲ್ಲಾ? ನನ್ ಪಕ್ಕ ನಿಂತ್ಕೋ.’

ಪಕ್ಕ ನಿಂತ್ಕೋ ಎಂದು ಏಳು ವರ್ಷದಲ್ಲಿ ಮೊದಲ ಸಲ ಅಂದಿದ್ದಳು. ‘ಆಯ್ತವ್ವಾ’ ಎಂದ.

ಮರುದಿನ ಹತ್ತು ಗಂಟೆಗೆ ಶಾಮಿಯಾನದ ಕೆಳಗೆ ಅವರನ್ನೆಲ್ಲ ಸಾಲುಸಾಲಾಗಿ ಕೂರಿಸಿದರು. ಮುಂದಿನ ಬೆಂಚು ಕಾಲಿನವರಿಗೂ ಕಣ್ಣಿನವರಿಗೂ. ಪ್ಯಾಂಟಿನ ಖಾಲಿ ಕಾಲನ್ನು ಮಡಚಿ ಪಿನ್ನು ಹಾಕಬೇಕು, ಇಳಿಬಿಡಬಾರದು, ಇಳಿಬಿಟ್ಟರೆ ಒಳಗೆ ಕಾಲಿರುವ ಹಾಗೆ ಕಾಣುತ್ತದೆ. ಊರುಗೋಲುಗಳನ್ನು ಯಾರೋ ಸ್ವಯಂಸೇವಕರು ಒಟ್ಟು ಮಾಡಿ ಶಾಮಿಯಾನದ ಕಂಬಕ್ಕೆ ಒರಗಿಸಿಟ್ಟರು, ದಾರಿಗೆ ಅಡ್ಡ ಎಂದು. ಹಿಂದಿನ ಸಾಲಿನಲ್ಲಿ ಅನುಸೂಯಮ್ಮ ಮಕ್ಕಳಿಬ್ಬರನ್ನೂ ಮಡಿಲಿಗೆ ಒತ್ತಿಕೊಂಡು ಕೂತಿದ್ದಳು. ಪಿಳ್ಳಣ್ಣ ಅವನ ಎಡಕ್ಕೆ, ಕನ್ನಡಕವಿಲ್ಲದೆ. ಎರಡು ಗುಳಿಗಳಲ್ಲಿ ಬೆಳಕು ಬಿದ್ದು ದಂಡು ಪ್ರದೇಶದಿಂದ ಬಂದ ಇಬ್ಬರು ದಾನಿ ಹೆಂಗಸರು ಕರವಸ್ತ್ರ ತೆಗೆದರು. ಎದುರಿಗೆ ವೇದಿಕೆ, ವೇದಿಕೆಯ ಪಕ್ಕಕ್ಕೆ ಸರಪಣಿಯೊಳಗೆ ಕಲ್ಲು, ಕಲ್ಲಿಗೆ ಚೆಂಡುಹೂವಿನ ಹಾರ. ಸಂಜೀವಪ್ಪನ ಇಲ್ಲದ ಅಂಗಾಲು ಬೆಳಿಗ್ಗೆಯಿಂದ ಒಂದೇ ಸಮನೆ ತುರಿಸುತ್ತಿತ್ತು. ರಾತ್ರಿ ಹೆಂಡತಿ ಹೇಳಿದ್ದಳು, ಅತ್ತೆ ಬಾಯಿ ತೆರೆದರೆ ನೀವು ಎದ್ದು ನಿಂತು ಮೊದಲೇ ತಡೆಯಿರಿ ಎಂದು. ಅವನು ಬೇರೆಯದೇ ನಿಶ್ಚಯ ಮಾಡಿಕೊಂಡಿದ್ದ. ಅವಳು ಯಾವನು ಎಂದು ಕೇಳಿದ ಕೂಡಲೇ ಎದ್ದು, ನಾನು ಎನ್ನುವುದು. ಮನೆ ಹೋದರೆ ಹೋಗಲಿ. ಆ ನಿಶ್ಚಯ ಮಾಡಿದ ಮೇಲೆ ಚೆನ್ನಾಗಿ ನಿದ್ದೆ ಬಂದಿತ್ತು, ಅದೇ ಈಗ ಅನುಮಾನಕ್ಕೆ ಕಾರಣವಾಗಿತ್ತು.

ಅವ್ವ ಜೀಪು ಹತ್ತಲಿಲ್ಲ. ನಡೆದೇ ಬಂದಳು. ಜೀಪು ಅವಳ ಹಿಂದೆ ಎತ್ತಿನ ಗಾಡಿಯ ವೇಗದಲ್ಲಿ ಬಂತು. ತಂತಿಬೇಲಿಯ ಗೇಟಿನ ಹತ್ತಿರ ಒಂದು ಗಳಿಗೆ ನಿಂತು, ಸೆರಗು ಹೊದ್ದು, ಒಳಗೆ ಕಾಲಿಟ್ಟಳು. ಬೆಂಚಿನ ಮುಂದೆ ಹಾದುಹೋಗುವಾಗ ಮಗನ ಮಡಚಿದ ಪ್ಯಾಂಟನ್ನು ನೋಡಿದಳು. ಊರಲ್ಲಿದ್ದಾಗಲೂ ಅವನು ಮರೆಯಲ್ಲೇ ಕಾಲು ಕಳಚುತ್ತಿದ್ದ; ಮರದ ಕಾಲಿಲ್ಲದೆ ಅವನನ್ನು ಅವಳು ಈವರೆಗೆ ನೋಡಿರಲಿಲ್ಲ. ಅಷ್ಟು ಚಿಕ್ಕದಾಗಿ ಕಂಡೆನೆ ಎಂದು ಅವನಿಗೆ ಅವಮಾನವಾಯಿತು, ತೋರಿಸಿದ ಲಕ್ಷ್ಮಯ್ಯನವರ ಮೇಲೆ, ನೋಡಿದ ಅವ್ವನ ಮೇಲೆ ಹಗೆ ಹುಟ್ಟಿತು. ಲಕ್ಷ್ಮಯ್ಯನವರು ನಾಲ್ಕನೆಯ ಪುಟ ಓದಿದರು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರಾಗಿ ಬಂದಿದ್ದ ನಿವೃತ್ತ ದೊಡ್ಡ ಅಧಿಕಾರಿ ಎದ್ದು ಸಪ್ಪಲಮ್ಮನ ಹೆಗಲಿಗೆ ಶಾಲು ಹೊದಿಸಿದರು. ಅವಳು ಮೈಕಿನ ಕಂಬವನ್ನು ಗಿಡ ಹಿಡಿಯುವ ಹಾಗೆ ಹಿಡಿದುಕೊಂಡಳು.

‘ನನ್ ಗಂಡ ಈ ಜಾಗವ ಸಂತೋಸ್ವಾಗಿ ಕೊಟ್ರು ಅಂತ ಯಾವನ್ ಹೇಳಿದ್ದು?’

ಧ್ವನಿವರ್ಧಕ ಕಿರುಚಿತು.

ಏಳು ಎಂದು ಸಂಜೀವಪ್ಪ ತನಗೆ ತಾನೇ ಹೇಳಿಕೊಂಡ. ಊರುಗೋಲು ಹತ್ತು ಮಾರು ಆಚೆ ಕಂಬಕ್ಕೆ ಒರಗಿತ್ತು. ಒಂಟಿ ಕಾಲಿನಲ್ಲಿ, ಬೆಂಚು ಹಿಡಿದು ಏಳಬಹುದಿತ್ತು. ಕಾಲಿದ್ದಿದ್ದರೆ ಎದ್ದೇ ಏಳುತ್ತಿದ್ದೆ ಎಂದುಕೊಂಡ. ಅದು ಸುಳ್ಳೆಂದು ಅಂದುಕೊಳ್ಳುವಾಗಲೇ ಗೊತ್ತಿತ್ತು. ಲಕ್ಷ್ಮಯ್ಯನವರು ಅಷ್ಟರಲ್ಲಿ ನಗುತ್ತ ಮುಂದೆ ಬಂದಿದ್ದರು. ಆ ಮುದುಕಿ ಸಂಕೋಚಪಟ್ಟುಕೊಂಡು ಕೇಳುತ್ತಿದ್ದಾಳೆಂದೇ ಅವರು ತಿಳಿದದ್ದು. ಕಡತದಿಂದ ಹಳದಿಯಾದ ಹಾಳೆಯೊಂದನ್ನು ಎತ್ತಿ ಸಭೆಗೆ ತೋರಿಸಿದರು.

‘ನಿಮ್ ಮಗನೇ ಅಮ್ಮಾ! ಇಗೋ, ಮನೆಗೆ ಅರ್ಜಿ ಹಾಕ್ದಾಗ ಕೈಯಾರೆ ಬರ್ಕೊಟ್ಟಿದ್ದಾರೆ. ಅವರಿಗೆ ನಿಯಮದ ಪ್ರಕಾರ ಮನೆ ಸಿಗ್ತಿರ್ಲಿಲ್ಲ. ಈ ಒಂದು ಮಾತಿಗೋಸ್ಕರ ಕಮಿಟಿಯೋರು ಕೊಟ್ರು. ಇಂಥಾ ಅಪ್ಪ, ಇಂಥಾ ಮಗ!’

ಮತ್ತೆ ಚಪ್ಪಾಳೆ. ಆ ಚಪ್ಪಾಳೆ ನಿಲ್ಲದೇ ಇರಲಿ ಎಂದು ಅವನು ಬೇಡಿಕೊಂಡ. ನಿಂತಿತು. ಸಪ್ಪಲಮ್ಮ ಹಾಳೆಯನ್ನು ನೋಡಿದಳು, ಅವಳಿಗೆ ಓದು ಬರುತ್ತಿರಲಿಲ್ಲ. ಮಗನನ್ನು ನೋಡಿದಳು. ಅವನು ಕಣ್ಣು ತಗ್ಗಿಸಿದ್ದೇ ಅವಳಿಗೆ ಓದಲು ಸಾಕಾಯಿತು. ಆಮೇಲೆ ಅವನ ಹಿಂದೆ ಕೂತ ಸೊಸೆಯನ್ನು, ಎರಡು ಜಡೆ ಹಾಕಿ ಹೊಸ ರಿಬ್ಬನ್ನು ಕಟ್ಟಿಕೊಂಡಿದ್ದ ಮೊಮ್ಮಕ್ಕಳನ್ನು, ಅವರಾಚೆಯ ಹೆಂಚಿನ ಸಾಲನ್ನು ಒಂದೊಂದಾಗಿ ನೋಡಿದಳು. ದಿಣ್ಣೆಯನ್ನು ಅವಳು ಇಪ್ಪತ್ತೈದು ವರ್ಷದ ಮೇಲೆ ಮುಖವಿಟ್ಟು ನೋಡುತ್ತಿದ್ದಳು.

‘ದಿಟ’ ಎಂದಳು ಮೈಕಿನಲ್ಲಿ. ‘ಅವ್ನು ಬರ್ದಿರೋದು ದಿಟ. ಕೊಟ್ರು. ಸಂತೋಸ್ವಾಗೇ ಕೊಟ್ರು.’

ಈ ಸಲದ ಚಪ್ಪಾಳೆಗೆ ಶಾಮಿಯಾನದ ಮೇಲಿನ ಕಾಗೆಗಳು ಎದ್ದವು. ದಾನಿ ಹೆಂಗಸರು ನಿಂತುಕೊಂಡೇ ತಟ್ಟಿದರು. ಸಪ್ಪಲಮ್ಮ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ನೇರವಾಗಿ ಮಗನ ಮುಂದೆ ಬಂದು ನಿಂತಳು. ಶಾಲನ್ನು ಹೆಗಲಿನಿಂದ ತೆಗೆದು ಅವನ ಮಡಿಲಲ್ಲಿಟ್ಟಳು. ಬಗ್ಗಿದಾಗ ಅವಳ ಮೈಯಿಂದ ಹಿಂಡಿಯ ವಾಸನೆ ಬಂತು. ಎಲ್ಲರಿಗೂ ಅದು ಆಶೀರ್ವಾದದ ಹಾಗೆ ಕಂಡಿರಬೇಕು. ಫೋಟೋದವನು ಎರಡು ಸಲ ಬೆಳಕು ಹೊಡೆದ.

‘ಹಬ್ಬಕ್ಕೆ ನಿಮ್ಮಪ್ಪನಿಗೆ ಎಡೆ ಇಕ್ಕೋಕೆ ಬರಬ್ಯಾಡ’ ಎಂದಳು ಮೆಲ್ಲಗೆ. ‘ನಾನೂ ಇಕ್ಕಲ್ಲ. ಇನ್ ಯಾವ ಮೊಕ ಇಟ್ಕಂಡು ಇಕ್ಕೋದು ನಾನು?’

ಅಷ್ಟು ಹೇಳಿ ಹೊರಟಳು. ಅಷ್ಟರಲ್ಲಿ ಲಕ್ಷ್ಮಯ್ಯನವರು ಮಡಿದವರಿಗಾಗಿ ಎರಡು ನಿಮಿಷ ಮೌನ ಎಂದು ಕೂಗಿದರು, ಎದ್ದು ನಿಲ್ಲಬಲ್ಲವರೆಲ್ಲ ಕಲ್ಲಿನ ಕಡೆ ತಿರುಗಿ ತಲೆತಗ್ಗಿಸಿ ನಿಂತರು. ಇಡೀ ದಿಣ್ಣೆಯಲ್ಲಿ ನಡೆಯುತ್ತಿದ್ದವಳು ಅವಳೊಬ್ಬಳೇ. ಸಿಮೆಂಟು ದಾರಿ ಕಲ್ಲಿನ ಮಗ್ಗುಲಿಗೇ ಹೋಗುತ್ತಿತ್ತು.

‘ಹೋದ್ಲಾ?’ ಎಂದು ಪಿಳ್ಳಣ್ಣ ತುಟಿ ಅಲ್ಲಾಡಿಸದೆ ಕೇಳಿದ.

‘ಹೋಗ್ತಾವ್ಳೆ.’

‘ಕಲ್ಲತ್ರ ನಿಂತ್ಳಾ?’

‘ಇಲ್ಲ.’

ಇಲ್ಲದ ಅಂಗಾಲು ಸುಡುವ ಹಾಗೆ ತುರಿಸಿತು. ಅವಳು ಗೇಟು ದಾಟಿ ರಾಗಿ ಹೊಲದ ನಡುವೆ ಚಿಕ್ಕದಾಗುವವರೆಗೂ ನೋಡಿದ. ತಿರುಗಿ ನೋಡುತ್ತಾಳೇನೋ ಎಂದುಕೊಂಡಿದ್ದ, ನೋಡಲಿಲ್ಲ. ತನ್ನ ಮೋಟುಗಾಲು ತನಗೇ ಅಸಹ್ಯವಾಗಿ, ಮಡಿಲಲ್ಲಿದ್ದ ಶಾಲನ್ನು ಬಿಡಿಸಿ ಮೊಣಕಾಲಿನ ಮೇಲೆ ಹೊದಿಸಿಕೊಂಡ. ಮೌನ ಮುಗಿದ ಕೂಡಲೇ ಲಕ್ಷ್ಮಯ್ಯನವರು ಬೆಂಚಿನ ಹತ್ತಿರ ಬಂದರು. ಅವನ ಭುಜ ತಟ್ಟಿ, ಶಾಲನ್ನು ಮೆಲ್ಲಗೆ ಎಳೆದು ತೆಗೆದು, ನೀಟಾಗಿ ಮಡಚಿ ಪಕ್ಕಕ್ಕಿಟ್ಟರು. ಗುಂಪಿನ ಫೋಟೋ ಬಾಕಿ ಇತ್ತು.